ಬಾಣಂತಿ ಮರಕ್ಕೆ ಬಂದ ರೆಕ್ಕೆಯ ಸದ್ದು

ಕಣ್ಣಿಗೆ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಯಾರಾದರೂ ಹುಣಸೆಮರದ ಮೋಹಿನಿಯ ಸುದ್ದಿ ತೆಗೆದರೆ, 'ಪಾಪ, ಅವಳಿಗೆ ಬೇರೆ ಕೆಲಸವಿಲ್ಲವೇ' ಎಂದು ಹಿರಿಯರನ್ನು ರೇಗಿಸುತ್ತಿದ್ದವನು ನಾನು. ಈಗ ಬರೆಯಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನೀವೂ ನಕ್ಕರೆ ನನಗೆ ಬೇಸರವಿಲ್ಲ.

ರಾಜ್ಯಗಳ ಮರುವಿಂಗಡಣೆಯಾದ ಹೊಸತು. ನಾನು ಪುಣಜನೂರಿನಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಆಗಿದ್ದೆ. ಕಾಡು ಒಂದೇ ಆದರೂ ಅಲ್ಲಿಂದ ಸ್ವಲ್ಪ ದೂರ ನಡೆದರೆ ಮದರಾಸು ರಾಜ್ಯ. ಹಕ್ಕಿ ಹೊಡೆಯುವವರಿಗೆ ಇದು ಬಹಳ ಅನುಕೂಲವಾಗಿತ್ತು. ನಾವು ಅಟ್ಟಿಸಿಕೊಂಡು ಹೋದರೆ ಗಡಿಕಲ್ಲು ದಾಟಿ, ಆ ಕಡೆ ಕುಳಿತು ನಮ್ಮೆದುರಿಗೇ ಬೀಡಿ ಹಚ್ಚುತ್ತಿದ್ದರು. ಆ ಕಡೆಯ ಗಾರ್ಡ್ ಪೊನ್ನುಸಾಮಿಗೂ ಇದೇ ಗೋಳು. ಕೊನೆಗೆ ಎರಡೂ ಕಡೆಯ ಊರುಗಳ ಯಜಮಾನರನ್ನು ಕೂರಿಸಿಕೊಂಡು ಒಂದು ಮಾತು ಮಾಡಿಕೊಂಡೆವು. ಗೂಡಿರುವ ಮರ ಯಾವ ರಾಜ್ಯದ್ದೇ ಇರಲಿ, ಕಾಯುವುದು ಎರಡೂ ಕಡೆಯವರು. ಕಾಗದ ಪತ್ರ ಏನೂ ಇಲ್ಲ. ಮೇಲಿನವರು ಕೇಳಿ 'ಆಗಲಿ' ಎಂದಿದ್ದರು. ಯಾರ ಕಡೆಯವರು ಮಾತು ಮುರಿದರೂ ಅಲ್ಲಿಗೆ ಮುಗಿಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು.

ಗಡಿಯಾಚೆಯ ಒಂದು ಮತ್ತಿ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿತ್ತು. ಈ ಹಕ್ಕಿಯ ಸಂಸಾರ ಗೊತ್ತಿಲ್ಲದವರಿಗೆ ಹೇಳಬೇಕು. ಹೆಣ್ಣು ಪೊಟರೆಯೊಳಗೆ ಸೇರಿ, ಬಾಗಿಲನ್ನು ಮಣ್ಣು ಹಿಕ್ಕೆಗಳಿಂದ ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಟ್ಟುಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರಿ ಹಾರಲಾರದಂತಾಗುತ್ತದೆ. ತಾಯಿಗೂ ಮರಿಗೂ ಹಣ್ಣು ತಂದುಕೊಡುವುದು ಗಂಡು. ಅದಕ್ಕೇ ನಾವು ಅದನ್ನು ಬಾಣಂತಿ ಮರ ಎನ್ನುತ್ತಿದ್ದೆವು. ಗಂಡು ಬರುವಾಗ ಅದರ ರೆಕ್ಕೆಯ ಸದ್ದು, ರೈಲು ಚಾಮರಾಜನಗರದ ಸ್ಟೇಷನ್ನಿಗೆ ಬರುವಾಗ ಬುಸುಗುಡುವ ಹಾಗೆ, ದೂರದಿಂದಲೇ ಕೇಳುತ್ತಿತ್ತು.

ಆ ಗಂಡನ್ನು ಹೊಡೆದವನು ನಮ್ಮ ಪುಣಜನೂರಿನ ಸಿದ್ದಯ್ಯ. ಮನುಷ್ಯ ಕೆಟ್ಟವನಲ್ಲ. ಮಂಗಟ್ಟೆಯ ಕೊಬ್ಬಿನ ಎಣ್ಣೆ ತಿಕ್ಕಿದರೆ ಕೀಲುನೋವು ಹೋಗುತ್ತದೆಂದು ಯಾರೋ ಅವನ ತಲೆಗೆ ತುಂಬಿದ್ದರು.

"ಅವ್ವ ಮಂಡಿ ಮಡಿಸಕ್ಕಾಗ್ದೆ ಗೋಳಾಡ್ತಿದ್ಲು ಬುದ್ದಿ. ಹೊಡ್ದುಬುಟ್ಟೆ. ಒಳ್ಗೆ ಬಾಣಂತಿ ಅದೆ ಅಂತ ಗ್ಯಾನ ಬರ್ನಿಲ್ಲ" ಎಂದು ಅತ್ತುಬಿಟ್ಟ. ನನಗೆ ಸಿಟ್ಟೂ ಬಂತು, ಕನಿಕರವೂ ಬಂತು.

ಪೊನ್ನುಸಾಮಿ ಮಾತ್ರ ಕೆಂಡವಾಗಿದ್ದ. ಇಬ್ಬರೂ ಸೇರಿ ಉದ್ದನೆಯ ಬಿದಿರಿನ ತುದಿಗೆ ಅತ್ತಿಹಣ್ಣು ಸಿಕ್ಕಿಸಿ ಗೂಡಿನ ಸಂದಿಗೆ ಹಿಡಿದೆವು. ತಾಯಿಹಕ್ಕಿ ಕೊಕ್ಕನ್ನು ಒಳಗೆಳೆದುಕೊಂಡಿತೇ ಹೊರತು ಹಣ್ಣನ್ನು ಮುಟ್ಟಲಿಲ್ಲ. ಮರುದಿನವೂ ಅಷ್ಟೇ. ಮರಿಯ ಕೂಗು ಇಳಿಯುತ್ತಾ ಬಂತು.

"ಪಾವಂ ಅಣ್ಣೇ, ಉಪವಾಸ ಸಾಯ್ತದೆ. ನಾಳೆ ಗೋಡೆ ಒಡ್ದು ಮರಿ ತೆಗ್ಯೋದೇ. ಅದು ಸತ್ರೆ ನಿಮ್ಗೂ ನಮ್ಗೂ ಮಾತು ತೀರ್ತು" ಎಂದ ಪೊನ್ನುಸಾಮಿ. ಒಡೆದರೆ ತಾಯಿಹಕ್ಕಿ ಗಾಬರಿಬಿದ್ದು ಮರಿಯನ್ನೇ ತುಳಿದೀತೆಂಬ ಭಯ ನನಗೆ. ಆದರೂ ಬೇರೆ ದಾರಿ ತೋಚಲಿಲ್ಲ.

ಬೆಳಿಗ್ಗೆ ಏಣಿ, ಬಾಚಿ ಹಿಡಿದು ಮೂವರು ಹೋದೆವು. ತಾನೇ ಹತ್ತುತ್ತೇನೆಂದು ಸಿದ್ದಯ್ಯ ಹಟ ಹಿಡಿದಿದ್ದ. ನಾವು ತಲುಪುವ ಹೊತ್ತಿಗೆ ಬಿಸಿಲು ಚೆನ್ನಾಗಿ ಏರಿತ್ತು. ಎಲೆ ಉದುರಿದ ಕಾಲ, ಮರ ಬೋಳಾಗಿತ್ತು. ಏಣಿ ಒರಗಿಸುತ್ತಿದ್ದಾಗ ಬೆಟ್ಟದ ಕಡೆಯಿಂದ ಸದ್ದು ಕೇಳಿತು. ಅದೇ ರೆಕ್ಕೆ. ನೋಡನೋಡುತ್ತಿದ್ದಂತೆ ತಲೆಯ ಮೇಲೇ ಬಂತು. ಗಾಳಿ ಮುಖಕ್ಕೆ ಬಡಿಯಿತು. ಪೊಟರೆಯ ಮುಂದಿನ ಕೊಂಬೆ ಭಾರಕ್ಕೆ ಬಗ್ಗಿತು. ಕೊಂಬೆಯ ಮೇಲೆ ಏನೂ ಇರಲಿಲ್ಲ.

ಸಂದಿನಿಂದ ತಾಯಿಯ ಕೊಕ್ಕು ಹೊರಬಂತು. ತೆರೆಯಿತು, ಮುಚ್ಚಿತು, ಒಳಗೆ ಹೋಯಿತು. ಮತ್ತೆ ಬಂತು. ಒಳಗೆ ಮರಿ ಗಲಾಟೆ ಎಬ್ಬಿಸಿತು. ಒಂದು ಹಣ್ಣು ಜಾರಿ ನನ್ನ ಕಾಲ ಬಳಿ ಬಿತ್ತು. ಆಲದ ಹಣ್ಣು. ನಾವು ತಂದಿದ್ದು ಬರೀ ಅತ್ತಿ. ಸ್ವಲ್ಪ ಹೊತ್ತಿಗೆ ಕೊಂಬೆ ಮೇಲೆದ್ದಿತು, ಸದ್ದು ತಾನು ಬಂದ ಕಡೆಗೇ ಹೊರಟುಹೋಯಿತು.

ಪೊನ್ನುಸಾಮಿ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಸಿದ್ದಯ್ಯ ಏಣಿಯ ಬುಡದಲ್ಲಿ ಕುಸಿದು ಕುಳಿತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

"ಈ ಕೈಲೇ ಗರಿ ಕಿತ್ತಿವ್ನಿ ಬುದ್ದಿ. ಈ ಕೈಲೇ" ಎಂದ.

ನಾವು ಗೋಡೆ ಒಡೆಯಲಿಲ್ಲ. ಆಮೇಲೂ ಆ ಸದ್ದು ಬಂದುಹೋಗುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ತಾಯಿಹಕ್ಕಿಯೇ ಒಳಗಿನಿಂದ ಕುಕ್ಕಿ ಬಾಗಿಲು ತೆಗೆದು ಮರಿಯೊಂದಿಗೆ ಹೊರಬಂತು. ಗಡಿಯ ಎರಡೂ ಕಡೆಯವರ ಮಾತೂ ಉಳಿಯಿತು. ಹಕ್ಕಿಗಳ ವಿಚಾರ ಬಲ್ಲವರನ್ನು ಆಮೇಲೆ ಕೇಳಿದ್ದೇನೆ. ಬೇರೊಂದು ಗಂಡು ಬಂದು ಉಣಿಸಿರಬಹುದು ಎನ್ನುತ್ತಾರೆ. ಇರಬಹುದು. ಬೋಳು ಮರದಲ್ಲಿ, ಹಾಡಹಗಲಲ್ಲಿ, ಮೂವರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲವೇಕೆ ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಎರಡೂ ಕಡೆಯ ಅಧಿಕಾರಿಗಳು ಗೂಡು ನೋಡಲು ಬಂದಾಗ, ಗಂಡಿಲ್ಲದೆ ಮರಿ ಬದುಕಿದ್ದು ಹೇಗೆಂದು ವಿಚಾರಿಸಿದರು. "ಹಣ್ಣು ತಂದು ಕೊಟ್ಟಿದ್ದು ಸಾರ್" ಎಂದ ಪೊನ್ನುಸಾಮಿ. ತಂದವರು ಯಾರೆಂದು ಹೇಳಲಿಲ್ಲ. ಅವರು ನಮ್ಮ ಬೆನ್ನು ತಟ್ಟಿ ಶಾಭಾಸ್ ಎಂದರು. ನನಗೆ ಎಲ್ಲಿಲ್ಲದ ನಾಚಿಕೆಯಾಯಿತು. ಆ ಶಾಭಾಸ್ ಯಾರಿಗೆ ಸಲ್ಲಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ. ಈಗಲೂ ಕಾಡಿನಲ್ಲಿ ಮಂಗಟ್ಟೆಯ ರೆಕ್ಕೆಯ ಸದ್ದು ಕೇಳಿದರೆ ಜೊತೆಯಲ್ಲಿದ್ದವರೆಲ್ಲ ತಲೆ ಎತ್ತಿ ಹುಡುಕುತ್ತಾರೆ. ನನಗೆ ನೋಡಲು ಧೈರ್ಯ ಸಾಲುವುದಿಲ್ಲ.