ಬ್ರೆಡ್ಡಮ್ಮನ ಗಂಡನ ಮೊಣಕೈ

ಬ್ರೆಡ್ಡಮ್ಮನ ಗಂಡನ ಮೊಣಕೈ ವಾಸಿಯಾಗಿತ್ತು. ಬೇರೆ ಹೆಂಗಸಾಗಿದ್ದರೆ ಸದ್ಯ ಅಂತ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದಳು. ಇವಳು ಸುಮ್ಮನಾಗುವ ಪೈಕಿಯೇ?

ಮದುವೆಯಾದ ಹೊಸದರಿಂದಲೂ ಅವನಿಗೆ ಮೊಣಕೈ, ಮೊಣಕಾಲಲ್ಲಿ ತುರಿಕೆ. ಗುಳ್ಳೆ ಏಳುವುದು, ಕೆರೆದು ಕೆರೆದು ರಕ್ತ ಬರುವುದು, ಒಣಗುವುದು, ಮತ್ತೆ ಗುಳ್ಳೆ. ದಿನಾ ಊಟವಾದ ಮೇಲೆ ಅವಳು ಅವನ ತೋಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದಳು. ಆ ಹಾಳು ಗುಳ್ಳೆ ಜಪ್ಪಯ್ಯ ಅಂದರೂ ಹೋಗಿರಲಿಲ್ಲ. ಈಗ ನೋಡಿದರೆ ಕೆಲವು ತಿಂಗಳಲ್ಲಿ ಮಂಗಮಾಯ! ಚರ್ಮ ಮಗುವಿನ ಕೆನ್ನೆಯ ಹಾಗೆ ನುಣ್ಣಗಾಗಿದೆ. ಎಣ್ಣೆಯೂ ಬೇಡವಂತೆ.

"ಏನು ಹಚ್ಕೊಂಡ್ರಿ?" ಎಂದು ಕೇಳಿದಳು.

"ಏನೂ ಇಲ್ಲ ಕಣೇ. ವಯಸ್ಸಾಯ್ತಲ್ಲ, ತಾನೇ ಹೋಯ್ತು" ಎಂದು ಮುಖ ತಿರುಗಿಸಿದ. ವಯಸ್ಸಾದರೆ ರೋಗ ಬರುತ್ತದೋ, ಹೋಗುತ್ತದೋ? ಕಿವಿಯ ಮೇಲೆ ಹೂ ಇಡಲು ಬೇರೆ ಯಾರೂ ಸಿಗಲಿಲ್ಲವೇ ಇವನಿಗೆ!

ಇನ್ನೊಂದು ವಿಷಯವೂ ಅವಳ ಕಣ್ಣಿಗೆ ಬಿದ್ದಿತ್ತು. ಊಟಕ್ಕೆ ಕೂತರೆ ತರಕಾರಿ ಮಾತ್ರ ತಿಂದು ಬ್ರೆಡ್ಡನ್ನು ಪಕ್ಕಕ್ಕೆ ಸರಿಸುತ್ತಿದ್ದ. "ಹೊಟ್ಟೆ ತುಂಬಿದೆ" ಅನ್ನುತ್ತಿದ್ದ. ಎಲ್ಲಿ ತುಂಬಿತು? ಯಾರು ತುಂಬಿಸಿದರು?

ಅವಳಿಗೆ ಇದು ಬರೀ ಊಟದ ಮಾತಲ್ಲ. ಬೇಕರಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಹಿಟ್ಟು ನಾದಲು ನಿಲ್ಲುವವಳು ಅವಳು, ಬೀದಿಗೆಲ್ಲ ಬ್ರೆಡ್ಡಮ್ಮ. ಹಿಂದೆ ಸೈಕಲ್ ರಿಪೇರಿ ಕಲಿಯುತ್ತಿದ್ದ ಹುಡುಗನಾಗಿದ್ದಾಗ ಅವನು ದಿನಾ ಬಂದು, ಬಿಸಿ ಬ್ರೆಡ್ ಕೊಂಡು, ಕೌಂಟರಿನ ಮುಂದೆ ನಿಂತೇ ತಿನ್ನುತ್ತಿದ್ದ. ಒಂದು ದಿನ ಕಿವಿ ಕೆಂಪಗೆ ಮಾಡಿಕೊಂಡು, "ಜೀವನಪೂರ್ತಿ ನಿಮ್ಮ ಕೈ ಬ್ರೆಡ್ಡೇ ತಿನ್ಬೇಕು ಅನ್ಸುತ್ತೆ" ಅಂದಿದ್ದ. ಆ ಒಂದು ಮಾತಿನ ಮೇಲೆ ಅವಳ ಸಂಸಾರ ನಿಂತಿತ್ತು. ಈಗ ಅದೇ ಬ್ರೆಡ್ ಬೇಡವಾಯಿತೆಂದರೆ ತಾನೂ ಬೇಡವಾದೆ ಅಂತಲೇ ಅವಳ ಲೆಕ್ಕ.

ಪಕ್ಕದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ತಂಗಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಅಕ್ಕಾ, ಭಾವನ ಮೈಗೆ ಕಳೆ ಬಂದಿದೆ ಅಂದ್ರೆ ಯಾರೋ ಚೆನ್ನಾಗಿ ಊಟ ಹಾಕ್ತಿದ್ದಾರೆ ಅಂತಾನೇ."

"ಬಾಯ್ಮುಚ್ಚೇ!" ಎಂದಳು. ಆದರೆ ತಲೆಗೆ ಹುಳ ಹೊಕ್ಕಾಗಿತ್ತು.

ಮರುದಿನ ಮಧ್ಯಾಹ್ನ ಏಪ್ರನ್ ಬಿಚ್ಚದೆ ಗಂಡನ ಸೈಕಲ್ ಅಂಗಡಿಯ ಗಲ್ಲಿಗೆ ನಡೆದಳು. ಹಳೆಯ ಟೈರುಗಳ ರಾಶಿಯ ಹಿಂದೆ ಮೈಯೆಲ್ಲ ಕಣ್ಣಾಗಿ ನಿಂತಳು. ಗಂಡ ಹೊರಗೆ ಬಂದ. ಬೆಳಗ್ಗೆ ಹೆಂಡತಿ ಕಟ್ಟಿಕೊಟ್ಟಿದ್ದ ಬ್ರೆಡ್ಡಿನ ಡಬ್ಬಿಯನ್ನು ಪಕ್ಕದ ಅಂಗಡಿಯ ಟೈಲರ್ ಹೆಂಗಸಿನ ಕೈಗೆ ಕೊಟ್ಟ. ಆಕೆ ನಗುತ್ತ ಇಸಿದುಕೊಂಡಳು.

ಬ್ರೆಡ್ಡಮ್ಮ ಟೈರುಗಳ ಹಿಂದಿನಿಂದ ನುಗ್ಗಿ ಬಂದಳು. ಮುಂದಿನದನ್ನು ನೋಡುವ ತಾಳ್ಮೆ ಯಾರಿಗಿದೆ!

"ಓಹೋ! ನಾನು ಕಟ್ಟಿದ ಡಬ್ಬಿ ಇವಳಿಗೆ, ಇವಳು ಬೇಯಿಸಿದ್ದು ನಿಮಗೋ?"

ಗಂಡ ಎರಡು ಹೆಜ್ಜೆ ಹಿಂದೆ ಸರಿದ. ಟೈಲರ್ ಹೆಂಗಸು ಮಾತ್ರ ಹೆದರಲಿಲ್ಲ. "ಅಯ್ಯೋ ಅಕ್ಕಾ, ನಾನೆಲ್ಲಿ ಬೇಯಿಸ್ಲಿ? ಬ್ರೆಡ್ ನಮ್ ಮಕ್ಕಳು ತಿಂತವೆ. ಇವರಿಗೆ ಗೋಧಿ ಆಗಲ್ಲ, ಅದರಿಂದಾನೇ ಗುಳ್ಳೆ ಏಳೋದು ಅಂತ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಹೇಳಿದ್ರಂತಲ್ಲ. ನಿಮಗೆ ಗೊತ್ತಿಲ್ವಾ?"

ಬ್ರೆಡ್ಡಮ್ಮ ಸೈಕಲ್ ಅಂಗಡಿಯೊಳಗೆ ಹೋದಳು. ಟ್ಯೂಬುಗಳ ಹಿಂದೆ ಒಂದು ಚಿಕ್ಕ ಸ್ಟೌ, ಮಸಿ ಹಿಡಿದ ಪಾತ್ರೆ, ಅದರಲ್ಲಿ ಮುದ್ದೆಯಾದ ಅನ್ನ. ಒಂದು ಅಗುಳು ಬಾಯಿಗೆ ಹಾಕಿಕೊಂಡಳು. ಉಪ್ಪಿಲ್ಲ, ತಳ ಹತ್ತಿದ ವಾಸನೆ ಬೇರೆ.

"ಇದನ್ನ ತಿಂತಿದ್ರಾ ಇಷ್ಟು ದಿನ?"

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲೇ? ಜೀವನಪೂರ್ತಿ ತಿಂತೀನಿ ಅಂತ ತಾನೆ ನಿನ್ನ ಕಟ್ಕೊಂಡಿದ್ದು."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಇಷ್ಟು ವರ್ಷ ತಾನೇ ಬಡಿಸಿ, ತಾನೇ ಎಣ್ಣೆ ಹಚ್ಚಿದ್ದಳು. ಇವನೋ ತುಟಿಪಿಟಕ್ಕೆನ್ನದೆ ತಿಂದು ಕೆರೆದುಕೊಂಡಿದ್ದ. ತಾನು ಅನುಮಾನಪಟ್ಟದ್ದು ನೆನೆದು ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಂಡಳು. ಹಿಟ್ಟೆಲ್ಲ ಕೆನ್ನೆಗೆ ಮೆತ್ತಿತು.

ಅಂದು ಸಂಜೆ ಮನೆಗೆ ಬಂದವಳೇ ಸೀರೆ ಬದಲಿಸಿ, ಉಗುರಿನ ಸಂದಿಯ ಹಿಟ್ಟು ಹೋಗುವ ತನಕ ಕೈ ಉಜ್ಜಿ ತೊಳೆದು, ಹೊಸ ಪಾತ್ರೆಯಲ್ಲಿ ಅನ್ನಕ್ಕಿಟ್ಟಳು. ಅವನು ಎರಡು ಸಲ ಬಡಿಸಿಕೊಂಡ.

ಊಟವಾದ ಮೇಲೆ ಅವನು ಅಂಗಿಯ ತೋಳು ಮಡಚಿ, ಕೈಯನ್ನು ಅವಳ ತೊಡೆಯ ಮೇಲಿಟ್ಟ.

"ವಾಸಿಯಾಗಿದೆಯಲ್ರೀ" ಎಂದಳು ಬ್ರೆಡ್ಡಮ್ಮ.

"ಆಗಿದೆ. ಆದ್ರೂ ಹಚ್ಚು."