ಬಿದ್ದ ಎಂಸಿಬಿ ಎತ್ತದ ಮಲ್ಲಣ್ಣ

ಮನೆಯಲ್ಲಿ ಕರೆಂಟು ಹೋಗಿದೆ ಎಂದು ಕರೆದರೆ, ಕರೆಂಟು ಕಡಿದು ಬಿದ್ದ ಎಂಸಿಬಿ ಗುಂಡಿಯನ್ನು ಮಲ್ಲಣ್ಣ ಕೂಡಲೇ ಎತ್ತುತ್ತಿರಲಿಲ್ಲ. ಮೊದಲು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಆಮೇಲೆ ಅದನ್ನೆತ್ತಿ, ಒಂದೊಂದನ್ನೇ ಹಾಕುತ್ತ ಬರುತ್ತಿದ್ದ. ಯಾವುದನ್ನು ಹಾಕಿದಾಗ ಎಂಸಿಬಿ ಬೀಳುತ್ತದೋ ಅದೇ ಕಳ್ಳ. ಮನೆಮಂದಿಯೆಲ್ಲ ಬಯಲಾಟ ನೋಡುವವರ ಹಾಗೆ ಅವನ ಹಿಂದೆ ನಿಂತಿರುತ್ತಿದ್ದರು. ಕಂಪ್ಲಿಯಲ್ಲಿ ಐಟಿಐ ಓದಿದ ಎಲೆಕ್ಟ್ರಿಷಿಯನ್ ನಾನು. ಅವನು ಶಾಲೆ ಬಿಟ್ಟವನು. ಆದರೂ ಜನ ಅವನು ಸಿಗದಿದ್ದರೆ ಮಾತ್ರ ನನ್ನನ್ನು ಕರೆಯುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಎಮ್ಮಿಗನೂರಿನ ಅಕ್ಕಿ ಗಿರಣಿ ಮಾಲೀಕರ ಮನೆಯಲ್ಲಿ ಗೀಸರು, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತಿತ್ತು. "ಎರಡೂ ಕೂಡೇ ಹಾಕಬ್ಯಾಡ್ರಿ" ಎಂದು ಮಲ್ಲಣ್ಣ ಹೇಳಿ ಹೋಗಿದ್ದ. ಯಜಮಾನತಿ ರೇಗಿ ನನ್ನನ್ನು ಕರೆಸಿದರು. ನಾನು ಹದಿನಾರು ಆಂಪಿನ ಎಂಸಿಬಿ ಕಿತ್ತು, ಅದರ ಎರಡರಷ್ಟು ಕರೆಂಟು ಹರಿಯಬಿಡುವ ಮೂವತ್ತೆರಡರದನ್ನು ಕೂಡಿಸಿದೆ. ಗೋಡೆಯೊಳಗಿನ ತೆಳು ವೈರನ್ನು ಹಾಗೇ ಬಿಟ್ಟೆ. ಮತ್ತೆ ಬೀಳಲಿಲ್ಲ.

"ಮಲ್ಲಣ್ಣಗಿಂತ ನೀನ ಶ್ಯಾಣ್ಯಾ ನೋಡಪ್ಪ" ಎಂದರು ಅವರು. ಒಂದು ತಿಂಗಳು ಆ ಮಾತಿನಲ್ಲೇ ತೇಲಾಡಿದೆ.

ಆಮೇಲೊಂದು ಬೆಳಿಗ್ಗೆ ಆ ಗೋಡೆಯಿಂದ ಸುಟ್ಟ ವಾಸನೆ ಬಂತು. ನಮ್ಮಿಬ್ಬರನ್ನೂ ಕರೆಸಿದರು. ಮಲ್ಲಣ್ಣ ಮೇನ್ ಆರಿಸಿ ಗೋಡೆಗೆ ಅಂಗೈ ಇಟ್ಟ. ಎಂಸಿಬಿಯ ಪೆಟ್ಟಿಗೆ ತೆರೆದು ಮೂವತ್ತೆರಡು ಎಂಬ ಅಂಕಿ ನೋಡಿದ, ನನ್ನನ್ನೂ ನೋಡಿದ. ನನ್ನ ಹೆಸರು ಇವತ್ತಿಗೆ ಮುಗಿಯಿತು ಎಂದುಕೊಂಡೆ.

"ಯಾರ ತಪ್ಪು ಇದು?" ಎಂದರು ಯಜಮಾನತಿ.

"ವೈರ್ ಸಣ್ಣದೈತ್ರಿ ಅಕ್ಕಾರ. ನಾವಿಬ್ರೂ ಕೂಡಿ ಬದಲಿ ಮಾಡ್ತೀವಿ" ಎಂದ ಮಲ್ಲಣ್ಣ.

ಅಂಗಳಕ್ಕೆ ಬಂದ ಮೇಲೆ ಮೆಲ್ಲಗೆ ಹೇಳಿದ: "ಎಂಸಿಬಿಯೊಳಗ ಒಂದು ಪಟ್ಟಿ ಇರ್ತೈತಿ. ಕರೆಂಟ್ ಜಾಸ್ತಿ ಹರದ್ರ ಕಾದು ಬಗ್ಗತೈತಿ, ಗುಂಡಿ ಬೀಳತೈತಿ. ವೈರ್ ಸುಡಬಾರ್ದಂತ ಬೀಳೋದಪ್ಪ ಅದು. ನೀ ಕಾವಲಿನವನ್ನ ಮಲಗಿಸಿಬಿಟ್ಟಿ."

ಆ ಪಟ್ಟಿಯ ಚಿತ್ರ ಬರೆದು ಪರೀಕ್ಷೆ ಪಾಸಾದವನಿಗೆ ಅವನು ಪಾಠ ಹೇಳಿದ. ಬಯ್ದಿದ್ದರೆ ತಿರುಗಿ ಬಯ್ದು ಹಗುರಾಗುತ್ತಿದ್ದೆ.

ಹೋದ ವರ್ಷ ಅವನಿಗೆ ಯಶವಂತನಗರದ ಕಡೆ ಗಣಿಯಲ್ಲಿ ಕೆಲಸ ಸಿಕ್ಕಿತು. ಸಂಸಾರ ಕಟ್ಟಿಕೊಂಡು ಹೊರಟುಹೋದ. ಇನ್ನು ಊರೆಲ್ಲ ನನ್ನದು ಎಂದು ಖುಷಿಪಟ್ಟೆ. ಫೋನುಗಳೂ ಬರತೊಡಗಿದವು. ಕೊನೆಗೂ ನನ್ನ ಬೆಲೆ ಜನಕ್ಕೆ ತಿಳಿಯಿತು ಎಂದುಕೊಂಡೆ.

ಮೊನ್ನೆ ಗಿರಣಿಯವರ ಮನೆಯಲ್ಲಿ ಚಹಾ ಕುಡಿಯುವಾಗ ಯಜಮಾನತಿ ಹೇಳಿದರು: "ಹೋಗೋ ಮುಂದ ಮಲ್ಲಣ್ಣ ಮನಿಮನಿಗೂ ಬಂದಿದ್ದಪ್ಪ. ಇನ್ನ ಮ್ಯಾಲೆ ನಿನ್ನ ಕರೀರಿ, ತನಗಿಂತ ಛಲೋ ಮಾಡ್ತಾನ ಅಂತ ಹೇಳಿ ಹ್ವಾದ."

ಇದರಲ್ಲೂ ಅವನೇ ಮುಂದಾದನಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಅಂಥ ಮಾತನ್ನು ಅವನ ಬಗ್ಗೆ ನಾನು ಒಂದು ಮನೆಯಲ್ಲೂ ಆಡಿದವನಲ್ಲ.