ಪ್ರೋಗ್ರಾಮಿಗೆ ಬಾಯಿ ಬರಿಸಿದ ದೊಡ್ಡಕ್ಕ

ಇಪ್ಪತ್ತು ವರ್ಷ ಒಂದೇ ಒಂದು ತಪ್ಪು ಮಾಡದೆ ಬಾಳಿದ ಜೀವ ಈ ಭೂಮಿಯ ಮೇಲೆ ಯಾವುದಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ, ನೀರು ಸರಬರಾಜು ಕಚೇರಿಯ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದು, "ಇದೆ, ನಮ್ಮ ಪ್ರೋಗ್ರಾಮು" ಎನ್ನುತ್ತಿದ್ದರು. ಯಾರೂ ಕೇಳದಿದ್ದರೂ ಎನ್ನುತ್ತಿದ್ದರು. ಫ್ಯಾನು ರಿಪೇರಿಗೆ ಬಂದವನಿಗೂ ಹೇಳಿ, ಅವನು ಏಣಿಯ ಮೇಲಿಂದಲೇ ಕೈಮುಗಿದದ್ದುಂಟು.

ಊರಿನ ನೀರಿನ ಪಂಪುಗಳನ್ನು ಹೊತ್ತು ಹೊತ್ತಿಗೆ ಚಾಲೂ ಮಾಡಿ ನಿಲ್ಲಿಸುವ ಪ್ರೋಗ್ರಾಮು ಅದು. ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದರ ಮೊದಲ ಸಾಲನ್ನು ಬರೆದವರು ಸಾಹೇಬರೇ. ಆಮೇಲೆ ಬಂದವರೆಲ್ಲ ತಮ್ಮ ತಮ್ಮ ಪಾಲು ಸೇರಿಸುತ್ತ ಹೋಗಿ ಅದು ಎಷ್ಟು ಬೆಳೆದಿತ್ತೆಂದರೆ, ಅಚ್ಚು ಹಾಕಿ ಉದ್ದಕ್ಕೆ ಹಾಸಿದ್ದರೆ ಅದರ ಮೇಲೆ ನಡೆದುಕೊಂಡೇ ಚಂದ್ರನಿಗೆ ಹೋಗಿ, ಒಂದು ಸುತ್ತು ಹಾಕಿ, ಚಪ್ಪಲಿ ಬಿಟ್ಟ ಜಾಗಕ್ಕೇ ವಾಪಸು ಬರಬಹುದಿತ್ತು.

ಅದರ ಹೊಟ್ಟೆಯೊಳಗೆ ಕೈಹಾಕುವ ಎದೆಗಾರಿಕೆ ಕಚೇರಿಯಲ್ಲಿ ಇದ್ದದ್ದು ದೊಡ್ಡಕ್ಕನಿಗೆ ಮಾತ್ರ. ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದದ್ದು ಅವಳ ವಯಸ್ಸಿಗೆ, ಎತ್ತರಕ್ಕಲ್ಲ. ಕೂತರೂ ನಿಂತರೂ ಅವಳ ತಲೆ ಕಂಪ್ಯೂಟರಿನ ಪರದೆಯ ಮೇಲಂಚಿಗೇ ಬರುತ್ತಿತ್ತು. ಹಾಗಾಗಿ ಅವಳು ಎದ್ದು ಮನೆಗೆ ಹೋದದ್ದು ಎಷ್ಟೋ ಸಲ ಸಾಹೇಬರಿಗೆ ಗೊತ್ತೇ ಆಗುತ್ತಿರಲಿಲ್ಲ.

ಮನೆಯಲ್ಲಿ ಗಂಡ, ಮೈದುನ, ಅತ್ತೆ. ಗಂಡ ಬಸ್ಸು ಓಡಿಸುವವನು. ದಿನವಿಡೀ ಹಾರ್ನಿನ ಮೂಲಕವೇ ಮಾತಾಡಿ ಮನೆಗೆ ಬಂದ ಮೇಲೆ ಬಾಯಿಗೆ ರಜೆ ಕೊಡುತ್ತಿದ್ದ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಸೇರಿಸುತ್ತಿದ್ದು ನಿವೃತ್ತಿಯಾದವರು. ಎಂದೋ ಒಬ್ಬ ಡಾಕ್ಟರು ಅವರ ಎದೆಯ ಮೇಲೆ ಕೊಳವೆ ಇಟ್ಟು, "ಹೃದಯ ಸ್ವಲ್ಪ ವೀಕು" ಎಂದುಬಿಟ್ಟಿದ್ದರು. ಅವತ್ತಿನಿಂದ ಆ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು: ಅತ್ತೆ ಏನು ಕೇಳಿದರೂ "ಎಲ್ಲಾ ಸರಿ" ಅನ್ನುವುದು. ಛಾವಣಿಯ ಒಂದು ಮೂಲೆ ಕಳಚಿ ಬಿದ್ದಾಗಲೂ ಮೂವರೂ ಧೂಳು ಕೊಡವಿಕೊಳ್ಳುತ್ತ, "ಎಲ್ಲಾ ಸರಿ" ಎಂದಿದ್ದರು.

ಮೈದುನ ಪಂಪ್‌ಹೌಸಿನ ಆಪರೇಟರು. ಒಂದು ಮಧ್ಯಾಹ್ನ ಅವನ ಪಾಳಿಯಲ್ಲಿ ಐದನೇ ಟ್ಯಾಂಕು ಉಕ್ಕಿ, ನೀರು ರಸ್ತೆಗಿಳಿದು, ತಗ್ಗಿನಲ್ಲಿದ್ದ ಚಪ್ಪಲಿ ಅಂಗಡಿಗೆ ನುಗ್ಗಿತು. ಬಲಗಾಲಿನ ಚಪ್ಪಲಿಗಳು ಒಂದು ಬೀದಿಗೂ ಎಡಗಾಲಿನವು ಇನ್ನೊಂದಕ್ಕೂ ತೇಲಿಹೋಗಿ, ಆ ಎರಡು ಬೀದಿಗಳ ಜನ ಆಮೇಲೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಸ್ನೇಹಿತರಾದರಂತೆ. ಆದರೆ ಮೈದುನನ ಪಾಲಿಗೆ ಅದು ತಮಾಷೆಯಾಗಿರಲಿಲ್ಲ. ಕೆಲಸದ ವೇಳೆ ನಿದ್ದೆ ಹೊಡೆದಿದ್ದಾನೆಂದು ಅವನನ್ನು ಅಮಾನತು ಮಾಡಿದರು. ಮುಂದಿನ ಶುಕ್ರವಾರ ವಿಚಾರಣೆ. ತಪ್ಪು ಅವನದೇ ಎಂದಾದರೆ ನೌಕರಿ ಹೋದ ಹಾಗೆಯೇ.

"ಅತ್ತಿಗೆ, ಪರದೆ ಮೇಲೆ ಟ್ಯಾಂಕು ಖಾಲಿ, ಎಲ್ಲಾ ಸರಿ ಅಂತಿತ್ತು," ಎಂದ ಅವನು ಅಡುಗೆಮನೆಯ ಮೂಲೆಯಲ್ಲಿ ದನಿ ತಗ್ಗಿಸಿ. "ಖಾಲಿ ಇದ್ರೆ ತುಂಬ್ಲಿ ಅಂತ ಬಿಡ್ಬೇಕು ತಾನೆ?"

"ನಿಜ ಹೇಳು, ಕಣ್ಣು ಮುಚ್ಚಿದ್ಯಾ?"

"ರೆಪ್ಪೆ ಬಡಿದಿರ್ಬೋದು. ಅದಕ್ಕೂ ರಜೆ ಚೀಟಿ ಬರೀಬೇಕಾ?"

"ಏನ್ರೋ ಅದು ಗುಸುಗುಸು?" ಎಂದು ಅತ್ತೆ ಹಾಲ್‌ನಿಂದ ಕೂಗಿದರು.

"ಏನಿಲ್ಲ ಅತ್ತೆ, ಎಲ್ಲಾ ಸರಿ," ಎಂದಳು ದೊಡ್ಡಕ್ಕ.

ಮರುದಿನದಿಂದ ಮೈದುನ ಅತ್ತೆ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು, ಯೂನಿಫಾರ್ಮು ತೊಟ್ಟು, ಪಾರ್ಕಿನ ಬೆಂಚಿಗೆ ಡ್ಯೂಟಿಗೆ ಹೋಗತೊಡಗಿದ.

ದೊಡ್ಡಕ್ಕ ಕಚೇರಿಗೆ ಹೋಗಿ ಪ್ರೋಗ್ರಾಮಿನ ಆಳಕ್ಕಿಳಿದಳು. ಅಂಥ ಪ್ರೋಗ್ರಾಮೆಂದರೆ ಫಂಕ್ಷನ್ ಎಂಬ ಸಾವಿರಾರು ಪುಟ್ಟ ಕೆಲಸಗಾರರ ದೊಡ್ಡ ಸಂಸಾರ. ಮೇಲಿನದು ಕೆಳಗಿನದಕ್ಕೆ ಕೆಲಸ ಹೇಳುತ್ತದೆ. ಕೆಳಗಿನದು ಮುಗಿಸಿ ಉತ್ತರವಾಗಿ ಒಂದು ಸಂಖ್ಯೆ ಕೊಡುತ್ತದೆ. ಕೆಲವು ಭಾಷೆಗಳಲ್ಲಿ ಏನಾದರೂ ಕೆಟ್ಟರೆ ಪ್ರೋಗ್ರಾಮು ತಾನಾಗಿಯೇ ಬೊಬ್ಬೆ ಹಾಕುತ್ತದೆ. ಸಿ ಹಾಗಲ್ಲ. ಕೆಟ್ಟದ್ದನ್ನು ಕೆಳಗಿನವರು ಹೇಳಬೇಕು, ಮೇಲಿನವರು ಕೇಳಿಸಿಕೊಳ್ಳಬೇಕು, ಕೇಳಿಸಿಕೊಂಡವರು ಇನ್ನೂ ಮೇಲಕ್ಕೆ ದಾಟಿಸಬೇಕು. ನಡುವೆ ಒಬ್ಬರು ನುಂಗಿದರೂ ಸುದ್ದಿ ಅಲ್ಲಿಗೇ ಮುಗಿಯಿತು.

ಎಲ್ಲಕ್ಕಿಂತ ತಳದಲ್ಲಿತ್ತು ಟ್ಯಾಂಕಿನ ನೀರಿನ ಮಟ್ಟ ಓದುವ ಫಂಕ್ಷನ್. ಟ್ಯಾಂಕಿನೊಳಗೆ ನೀರಿನ ಜೊತೆ ಏರಿಳಿಯುವ ತೇಲುಬುಂಡೆಯಿಂದ ತಂತಿಯಲ್ಲಿ ಸುದ್ದಿ ಬಂದರೆ ಅದು ಎಷ್ಟು ಅಡಿ ನೀರಿದೆ ಎಂದು ಹೇಳುತ್ತಿತ್ತು. ಬಾರದಿದ್ದರೆ? ಸೊನ್ನೆ ಎನ್ನುತ್ತಿತ್ತು. ಗೊತ್ತಿಲ್ಲ ಎನ್ನುವುದಕ್ಕೂ ಸೊನ್ನೆ, ನೀರಿಲ್ಲ ಎನ್ನುವುದಕ್ಕೂ ಸೊನ್ನೆ. ಅದರ ಮೇಲಿನ ಫಂಕ್ಷನ್ ಅದನ್ನು ನಂಬಿ, ಅಯ್ಯೋ ಪಾಪ ಟ್ಯಾಂಕು ಖಾಲಿ ಎಂದು ಪಂಪು ಹಾಕುತ್ತಿತ್ತು. ಅದರ ಮೇಲಿನದಂತೂ ಯಾರು ಏನು ಹೇಳಿದರೂ ನೋಡದೆ "ಎಲ್ಲಾ ಸರಿ" ಎಂದು ಪರದೆಗೆ ಬರೆದು ಕೈತೊಳೆದುಕೊಳ್ಳುತ್ತಿತ್ತು.

ದೊಡ್ಡಕ್ಕ ಸಾಹೇಬರ ಕೋಣೆಗೆ ಹೋಗಿ ವಿಷಯ ಹೇಳಿದಳು.

"ಆ ಒಂದು ಕಡೆ ರಿಪೇರಿ ಮಾಡಿ ಸುಮ್ನಿರಮ್ಮ," ಎಂದರು ಸಾಹೇಬರು.

"ಕೆಳಗಿಂದು ನಿಜ ಹೇಳಿದ್ರೆ ಸಾಲ್ದು ಸಾರ್. ಮೇಲಿನವು ಕಿವೀಗೆ ಹತ್ತಿ ಇಟ್ಕೊಂಡಿವೆ. ಬುಂಡೆಯಿಂದ ಪರದೆವರೆಗೆ ದಾರಿ ಪೂರ್ತಿ ತೆಗೀಬೇಕು."

"ಮೈದುನನ್ನ ಉಳಿಸ್ಕೊಳ್ಳೋಕೆ ನನ್ನ ಪ್ರೋಗ್ರಾಮಿಗೆ ಮಸಿ ಬಳೀತೀಯಾ?"

"ಮಸಿ ಇದ್ದೇ ಇದೆ ಸಾರ್. ಒರೆಸೋ ಬಟ್ಟೆ ಕೇಳೋಕೆ ಬಂದೆ. ನನ್ನ ಮಾತು ನಂಬಬೇಡಿ, ಶುಕ್ರವಾರ ಪಂಪ್‌ಹೌಸಿನಲ್ಲಿ ಹೊಸದನ್ನ ಓಡಿಸೋಣ. ಆವತ್ತಿಂದ ಆ ಟ್ಯಾಂಕಿಗೆ ನೀರೂ ಬಿಟ್ಟಿಲ್ಲ, ಯಾರೂ ಹತ್ತಿಲ್ಲ. ಬುಂಡೆ ಸರಿ ಇದ್ರೆ ಅದೇ ಹೇಳುತ್ತೆ, ನನ್ನ ಮೈದುನ ಮಲಗಿದ್ದ ಅಂತ ನಾನೇ ಒಪ್ಕೋತೀನಿ."

ಸಾಹೇಬರು ಒಪ್ಪಿದರು. ತಮ್ಮ ಪ್ರೋಗ್ರಾಮು ನಾಲ್ಕು ಜನರೆದುರು ಗೆಲ್ಲುವುದನ್ನು ನೋಡುವ ಆಸೆ ಅವರಿಗೂ ಇತ್ತು.

ಅವಳು ಕೆಲಸಕ್ಕೆ ಕೂತಳು. ಪ್ರತಿ ಫಂಕ್ಷನ್ನಿನ ಉತ್ತರ ಇನ್ನು ಮುಂದೆ ಒಂದೇ ವಿಷಯಕ್ಕೆ: ಕೆಲಸ ಆಯಿತೋ, ಆಗದಿದ್ದರೆ ಏಕೆ. ನೀರಿನ ಅಡಿ ಅಂಗುಲಕ್ಕೆ ಬೇರೆ ಜಾಗ ಕೊಟ್ಟಳು. ಕೆಟ್ಟ ಸುದ್ದಿ ಬಂದರೆ ನುಂಗುವಂತಿಲ್ಲ. ಕೈಯಲ್ಲಿದ್ದ ಮೆಮೊರಿ ವಾಪಸು ಕೊಟ್ಟು, ತೆರೆದ ಫೈಲು ಮುಚ್ಚಿ, ತನ್ನ ಹೆಸರು ಸೇರಿಸಿ ಮೇಲಕ್ಕೆ ದಾಟಿಸಬೇಕು. ಉತ್ತರ ನೋಡದೆ ಬಿಡುವ ಕಡೆಯಲ್ಲೆಲ್ಲ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ತಕರಾರು ತೆಗೆಯುವಂತೆ ಒಂದು ಗುರುತನ್ನೂ ಹಾಕಿದಳು. ಹಾಕಿದ್ದೇ ತಡ, ಕಂಪೈಲರು ಇಪ್ಪತ್ತು ವರ್ಷದ ಸಿಟ್ಟನ್ನೆಲ್ಲ ಒಂದೇ ಸಲ ಕಕ್ಕಿತು. ಅದರ ತಕರಾರುಗಳು ಪರದೆಯಲ್ಲಿ ಹರಿದ ವೇಗಕ್ಕೆ ಪಕ್ಕದ ಮೇಜಿನ ಕಾಗದಗಳು ಹಾರಿದವೆಂದು ಕಚೇರಿಯವರು ಈಗಲೂ ಆಣೆ ಮಾಡುತ್ತಾರೆ.

ಗುರುವಾರ ಸಂಜೆ ಕೊನೆಯ ತಕರಾರು ತೀರಿಸಿ ಮನೆಗೆ ಬಂದಾಗ ಅತ್ತೆ ಮೈದುನನ ಡಬ್ಬಿ ತೊಳೆಯುತ್ತಿದ್ದರು.

"ಏನಮ್ಮ, ಎಲ್ಲಾ ಸರಿನಾ?"

"ಎಲ್ಲಾ..." ಎಂದವಳು ಅಲ್ಲೇ ನಿಂತುಬಿಟ್ಟಳು. ವಾರವಿಡೀ ಯಾವ ಚಟವನ್ನು ಸಾವಿರ ಕಡೆಯಿಂದ ಕಿತ್ತುಹಾಕಿದ್ದಳೋ ಅದು ಅವಳ ನಾಲಗೆಯ ತುದಿಯಲ್ಲೇ ಕಾಲು ಚಾಚಿ ಕೂತಿತ್ತು. ಅತ್ತೆಯ ಕೈಯಿಂದ ಡಬ್ಬಿ ತೆಗೆದಿಟ್ಟು, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲವನ್ನೂ ಹೇಳಿದಳು. ಗಂಡ ಬಾಗಿಲಲ್ಲಿ ನೀರಿನ ಲೋಟ ಹಿಡಿದು ಸಿದ್ಧನಾಗಿ ನಿಂತಿದ್ದ.

ಅತ್ತೆಯ ಹೃದಯ ನಿಲ್ಲಲಿಲ್ಲ. ಲೋಟದ ನೀರನ್ನು ಗಂಡನೇ ಕುಡಿದ.

"ಪಾರ್ಕಿನ ಹುಲ್ಲು ಪ್ಯಾಂಟಿಗೆ ಅಂಟಿಸ್ಕೊಂಡು ಬರ್ತಿದ್ದಾನೆ, ಪಂಪ್‌ಹೌಸಿನಲ್ಲಿ ಯಾವಾಗ ಹುಲ್ಲು ಬೆಳೀತು ಅಂತ ಯೋಚಿಸ್ತಿದ್ದೆ," ಎಂದರು ಅತ್ತೆ. "ಊರಿನ ಸಾವು ನೋವನ್ನೆಲ್ಲ ನಾನೇ ಲೈನು ಸೇರಿಸಿ ದಾಟಿಸಿದ್ದೀನಿ. ನನ್ನ ಮನೆ ಸುದ್ದಿಗೆ ನನಗೇ ಲೈನು ಸಿಗಲ್ಲ ಅಂದ್ರೆ ಏನಮ್ಮ ಅರ್ಥ?"

"ತಪ್ಪಾಯ್ತು ಅತ್ತೆ."

"ಇರ್ಲಿ. ಅವನ ಷರ್ಟು ಇಸ್ತ್ರಿ ಮಾಡು. ನಾಳೆ ನಾನೂ ಬರ್ತೀನಿ."

ಶುಕ್ರವಾರ ಪಂಪ್‌ಹೌಸಿನಲ್ಲಿ ವಿಚಾರಣೆಗೆ ಬಂದ ಅಧಿಕಾರಿ, ಸಾಹೇಬರು, ಇಸ್ತ್ರಿಯ ಗೆರೆಗೆ ಕೈ ಕೊಯ್ಯುವಂಥ ಷರ್ಟು ತೊಟ್ಟ ಮೈದುನ, ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಅತ್ತೆ. ದೊಡ್ಡಕ್ಕ ಹೊಸ ಪ್ರೋಗ್ರಾಮು ಚಾಲೂ ಮಾಡಿದಳು. ಪರದೆ ಒಂದು ಗಳಿಗೆ ಉಸಿರೆಳೆದುಕೊಂಡಿತು. ಆಮೇಲೆ ಮೇಲಿಂದ ಕೆಳಗೆ ಕೆಂಪಾಯಿತು. ಮೂರನೇ ಪಂಪಿನ ಬಿಸಿ ಅಳೆಯಲಾಗುತ್ತಿಲ್ಲ, ಎರಡನೇ ವಾಲ್ವು ಅರ್ಧದಲ್ಲೇ ನಿಂತಿದೆ, ಗಡಿಯಾರ ಹಿಂದಿದೆ.

"ನೋಡಿದ್ರಾ?" ಎಂದರು ಸಾಹೇಬರು ಅಧಿಕಾರಿಗೆ. "ಇಪ್ಪತ್ತು ವರ್ಷ ಒಂದು ತಪ್ಪಿರ್ಲಿಲ್ಲ. ಈಕೆ ಕೈಯಿಟ್ಟ ವಾರಕ್ಕೆ ಪರದೆ ತುಂಬ ತಪ್ಪು."

"ಇದ್ವು ಸಾರ್. ಹೇಳ್ತಿರ್ಲಿಲ್ಲ ಅಷ್ಟೆ," ಎಂದಳು ದೊಡ್ಡಕ್ಕ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಒಂದು ಸಾಲನ್ನು ಗಟ್ಟಿಯಾಗಿ ಓದಿದರು: "ಐದನೇ ಟ್ಯಾಂಕು. ನೀರಿನ ಮಟ್ಟ ಗೊತ್ತಿಲ್ಲ. ತೇಲುಬುಂಡೆಯ ತಂತಿಯಿಂದ ಉತ್ತರ ಇಲ್ಲ. ಪಂಪು ನಿಲ್ಲಿಸಲಾಗಿದೆ."

ಅಧಿಕಾರಿ ಒಬ್ಬ ಮೆಕ್ಯಾನಿಕ್ಕನ್ನು ಕರೆದು ಟ್ಯಾಂಕು ಹತ್ತಿಸಿದರು. ಅವನು ಕೆಳಗಿಳಿದಾಗ ಕೈಯಲ್ಲಿ ಗೇಣುದ್ದದ ತಂತಿಯಿತ್ತು, ಅದರ ತುದಿಯಲ್ಲಿ ಅಳಿಲಿನ ಹಲ್ಲಿನ ಗುರುತಿತ್ತು. ಅಧಿಕಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮೈದುನನತ್ತ ತಿರುಗಿದರು.

"ಇನ್ನು ಮೇಲೆ ಟ್ಯಾಂಕು ಖಾಲಿ ಅಂದ್ರೆ ಒಂದ್ಸಲ ಹತ್ತಿ ನೋಡಪ್ಪ. ಸೋಮವಾರದಿಂದ ಕೆಲ್ಸಕ್ಕೆ ಬಾ."

ಮೈದುನ ಅತ್ತಿಗೆಯ ಕಡೆ ನೋಡಿ ಇಸ್ತ್ರಿ ಷರ್ಟಿನ ತೋಳಿಗೆ ಮೂಗೊರೆಸಿಕೊಂಡ. ಸಾಹೇಬರು ಮಾತ್ರ ಕೆಂಪು ಪರದೆಯ ಮುಂದೆ, ಬೆಳೆದ ಮಗ ಮೊದಲ ಸಲ ಎದುರುತ್ತರ ಕೊಟ್ಟಾಗ ಅಪ್ಪಂದಿರು ನಿಲ್ಲುವ ಹಾಗೆ ನಿಂತಿದ್ದರು. ಅತ್ತೆಗೆ ಅಯ್ಯೋ ಅನ್ನಿಸಿತು. ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

"ಕೂತ್ಕೊಳ್ಳಿ. ನಿಮಗೂ ಹೃದಯ ವೀಕಾ?"

"ಯಾಕಮ್ಮ?"

"ಇಷ್ಟು ವರ್ಷ ನಿಮಗೂ ಯಾರೂ ಏನೂ ಹೇಳಿಲ್ವಲ್ಲ, ಅದಕ್ಕೆ ಕೇಳ್ದೆ."

ಸಾಹೇಬರು ಕೂತರು. ನಗು ಬಂದರೂ ಅದನ್ನು ಮೀಸೆಯ ಕೆಳಗೇ ತಡೆದು, ದೊಡ್ಡಕ್ಕನನ್ನು ಕೇಳಿದರು:

"ಹೋಗ್ಲಿ, ನೀನೇ ಗೆದ್ದೆ. ಇನ್ನು ಬಂದೋರಿಗೆಲ್ಲ ನಾನು ಏನಂತ ಜಂಬ ಕೊಚ್ಕೊಳ್ಲಿ? ಈ ನಿನ್ನ ಪ್ರೋಗ್ರಾಮು ಎಲ್ಲಾ ಸರಿ ಅಂತ ಅನ್ನೋದಾದ್ರೂ ಯಾವಾಗ?"

"ಎಲ್ಲಾ ಸರಿ ಇದ್ದಾಗ, ಸಾರ್."